ಹೆಸರು ಬರೆದುಕೊಳ್ಳುವ ಕಚೇರಿ, ಕೂಲಿ ಕೊಡಿಸುವ ಮಂಡಳಿ

ಉದ್ಯೋಗ ವಿನಿಮಯ ಕೇಂದ್ರಗಳ ಬಗ್ಗೆ ಈಚೆಗೆ ಒಂದು ಬಗೆಯ ಹಳಹಳಿಕೆ ಶುರುವಾಗಿದೆ. ಕಾನೂನು ಚೆನ್ನಾಗಿತ್ತು, ಅಧಿಕಾರಿಗಳ ಆಲಸ್ಯದಿಂದ ಕೆಟ್ಟಿತು, ಈಗ ಪೋರ್ಟಲ್ ಬಂದಿದೆ, ಇನ್ನು ಸರಿಹೋಗುತ್ತದೆ ಎಂಬುದು ಆ ವಾದದ ಸಾರ. ನನಗೆ ಇದರಲ್ಲಿ ಒಂದಕ್ಷರವೂ ಒಪ್ಪಿಗೆಯಿಲ್ಲ. 1959ರ ಕಾಯ್ದೆಯನ್ನು ಯಾರೂ ಕೆಡಿಸಲಿಲ್ಲ. ಅದನ್ನು ಬರೆದವರೇ ಅದರ ಹಲ್ಲು ಕಿತ್ತು ಕೊಟ್ಟಿದ್ದರು.

ಚರಿತ್ರೆ ಗೊತ್ತಿರುವುದೇ. 1945ರಲ್ಲಿ ಯುದ್ಧದಿಂದ ಮರಳಿದ ಸೈನಿಕರಿಗಾಗಿ ಶುರುವಾದ ಈ ಸೇವೆ, ದೇಶವಿಭಜನೆಯ ನಿರಾಶ್ರಿತರಿಗೆ ಒದಗಿ, 1948ರಲ್ಲಿ ಎಲ್ಲರಿಗೂ ತೆರೆಯಿತು. ಇದನ್ನು ಕಾಯಂ ಮಾಡಿ ರಾಜ್ಯಗಳಿಗೆ ಒಪ್ಪಿಸಬೇಕೆಂದು ಹೇಳಿದ ಸಮಿತಿಯ ಅಧ್ಯಕ್ಷರು ನಮ್ಮ ಮಂಗಳೂರಿನ ಬೆನಗಲ್ ಶಿವರಾವ್. ಒಪ್ಪಿಸಿದ ದಿನ 1956ರ ನವೆಂಬರ್ 1. ನಾವು ಏಕೀಕರಣದ ಸಂಭ್ರಮದಲ್ಲಿದ್ದುದರಿಂದ ಅದನ್ನು ಗಮನಿಸಿದವರು ಕಡಿಮೆ.

ಇನ್ನು ಕಾಯ್ದೆಗೆ ಬರೋಣ. ಖಾಲಿ ಹುದ್ದೆಗಳನ್ನು ಕಡ್ಡಾಯವಾಗಿ ತಿಳಿಸಬೇಕೆನ್ನುವ ಈ ಕಾಯ್ದೆ 1960ರ ಮೇ 1ರಿಂದ ಜಾರಿಗೆ ಬಂತು. ಸರ್ಕಾರಿ ಸಂಸ್ಥೆಗಳಿಗೂ, 25 ಅಥವಾ ಹೆಚ್ಚು ಜನ ದುಡಿಯುವ ಖಾಸಗಿ ಸಂಸ್ಥೆಗಳಿಗೂ ಇದು ಅನ್ವಯವಾಗುತ್ತಿತ್ತು. ನಾಲ್ಕನೆಯ ಕಲಮಿನ ಮೊದಲ ಉಪಕಲಮು ಸರ್ಕಾರಿ ಮಾಲೀಕನಿಗೆ ಹುದ್ದೆ ಭರ್ತಿಗೆ ಮೊದಲು ಕೇಂದ್ರಕ್ಕೆ ತಿಳಿಸು ಎನ್ನುತ್ತದೆ. ಎರಡನೆಯದು ಖಾಸಗಿ ಮಾಲೀಕನಿಗೂ ಅದನ್ನೇ ವಿಧಿಸಬಹುದು ಎನ್ನುತ್ತದೆ. ಇಲ್ಲಿಯವರೆಗೆ ದನಿ ಗಟ್ಟಿಯಾಗಿದೆ. ನಾಲ್ಕನೆಯ ಉಪಕಲಮಿಗೆ ಬರುವಷ್ಟರಲ್ಲಿ ಅದೇ ಕಾನೂನು ಕೈಮುಗಿದು ನಿಲ್ಲುತ್ತದೆ. ಹುದ್ದೆ ತಿಳಿಸಿದ ಮಾತ್ರಕ್ಕೆ ಕೇಂದ್ರದ ಮೂಲಕವೇ ಆಳು ತೆಗೆದುಕೊಳ್ಳಬೇಕೆಂಬ ಹಂಗು ಯಾವ ಮಾಲೀಕನಿಗೂ ಇಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ಅಂದರೆ ಮಾಲೀಕ ಒಂದು ನಮೂನೆ ತುಂಬಿ ಕಳಿಸಿ, ತನ್ನ ಭಾವಮೈದುನನನ್ನು ನೇಮಿಸಿಕೊಂಡರೆ ಕಾನೂನು ಪೂರ್ತಿ ಪಾಲನೆಯಾದಂತೆ. 1987ರ ಹರಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದೇ: ಕಾಯ್ದೆ ಕೇಳುವುದು ಮಾಹಿತಿಯನ್ನಷ್ಟೇ.

ಆ ಮಾಹಿತಿಯನ್ನೂ ಕೊಡದಿದ್ದರೆ? ಮೊದಲ ತಪ್ಪಿಗೆ 500 ರೂಪಾಯಿವರೆಗೆ ದಂಡವಿತ್ತು, ಮತ್ತೆ ಮಾಡಿದರೆ 1,000. ಆ ದಂಡಕ್ಕೆ ಮೊಕದ್ದಮೆ ಹೂಡಲೂ ಗೊತ್ತುಪಡಿಸಿದ ಅಧಿಕಾರಿಯ ಮಂಜೂರಾತಿ ಬೇಕಿತ್ತು. ಕೆಲಸ ಕೇಳಿ ಹೆಸರು ಬರೆಸಿದವನು ಆ ಮಂಜೂರಾತಿಯಿಲ್ಲದೆ ದೂರುದಾರನೂ ಆಗುವಂತಿರಲಿಲ್ಲ.

ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ಕಾಯ್ದೆ ಹೊರಗಿಟ್ಟವರ ಪಟ್ಟಿ. ಕೃಷಿ ಕೂಲಿ ಹೊರಗೆ, ಮನೆಗೆಲಸ ಹೊರಗೆ, ಮೂರು ತಿಂಗಳೊಳಗಿನ ಕೆಲಸ ಹೊರಗೆ. ಕಚೇರಿಯ ಕುಶಲವಲ್ಲದ ಕೆಲಸವೆಂದು ದಫ್ತರಿ, ಜಮಾದಾರ, ಜವಾನ, ಕಾವಲುಗಾರ, ಕಸ ಗುಡಿಸುವವರು ಎಂದು ಒಬ್ಬೊಬ್ಬರನ್ನೇ ಹೆಸರು ಕರೆದು ಹೊರಗೆ ಕಳಿಸಲಾಗಿತ್ತು. ಮಧ್ಯವರ್ತಿಯ ಕೈಗೆ ಸಿಕ್ಕು ನರಳುವವರು ಯಾರೋ ಅವರೇ ಇವರು. ಉಳಿದದ್ದು ಟೈಪಿಂಗ್ ಪಾಸಾದ ಹುಡುಗರ ಸಾಲು. 2012ರ ಹೊತ್ತಿಗೆ ದೇಶದ ಕೇಂದ್ರಗಳ ರಿಜಿಸ್ಟರಿನಲ್ಲಿ 4 ಕೋಟಿಗೂ ಹೆಚ್ಚು ಹೆಸರುಗಳಿದ್ದವು. ಆ ವರ್ಷ ಅವುಗಳ ಮೂಲಕ ಕೆಲಸ ಸಿಕ್ಕಿದ್ದು 5 ಲಕ್ಷಕ್ಕೂ ಕಡಿಮೆ ಮಂದಿಗೆ.

ಉದಾಹರಣೆಗೆ, ಪುಣೆಯ ರಾಸ್ತಾ ಪೇಠೆಯಲ್ಲಿರುವ ಕೇಂದ್ರಕ್ಕೆ ಈಗ ಜಿಲ್ಲಾ ಕೌಶಲ ವಿಕಾಸ, ರೋಜಗಾರ ಮತ್ತು ಉದ್ಯಮಶೀಲತಾ ಮಾರ್ಗದರ್ಶನ ಕೇಂದ್ರವೆಂದು ಹೆಸರು. ಹೆಸರು ಬೆಳೆಯಿತು, ಕೈ ಬೆಳೆಯಲಿಲ್ಲ. ಮಹಾಸ್ವಯಂ ಪೋರ್ಟಲ್, ರೋಜಗಾರ ಮೇಳಾವ, 2015ರಲ್ಲಿ ಬಂದ ರಾಷ್ಟ್ರೀಯ ವೃತ್ತಿ ಸೇವೆ ಎಲ್ಲವೂ ರಿಜಿಸ್ಟರನ್ನು ಪರದೆಗೆ ಏರಿಸಿದವು. 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರಿನಲ್ಲಿ ಜಾರಿಗೆ ಬಂದಾಗ 25 ಜನರ ಮಿತಿ 20ಕ್ಕೆ ಇಳಿಯಿತು. ಹಂಗಿಲ್ಲವೆಂಬ ಆ ಉಪಕಲಮು ಮಾತ್ರ ಹೊಸ ಸಂಹಿತೆಯಲ್ಲೂ ಭದ್ರವಾಗಿ ಕೂತಿದೆ.

ಇದೇ ಪುಣೆಯಲ್ಲಿ, ಯಾವ ವಿದ್ವಾಂಸರೂ ಉದ್ಯೋಗ ಸೇವೆಯೆಂದು ಕರೆಯದ ಇನ್ನೊಂದು ವ್ಯವಸ್ಥೆಯಿದೆ. 1955ರಲ್ಲಿ ಬಾಬಾ ಆಢಾವರು ಪುಣೆಯಲ್ಲಿ ಹಮಾಲ ಪಂಚಾಯತ್ ಕಟ್ಟಿದರು. ಮುಂಬಯಿಯಲ್ಲಿ ಅಣ್ಣಾಸಾಹೇಬ ಪಾಟೀಲರು ಮಾಥಾಡಿಗಳನ್ನು, ಅಂದರೆ ತಲೆಹೊರೆ ಹೊರುವವರನ್ನು, ಒಗ್ಗೂಡಿಸಿದರು. ಅಂಥ ಹೋರಾಟಗಳ ಫಲ 1969ರ ಮಹಾರಾಷ್ಟ್ರ ಮಾಥಾಡಿ ಕಾಯ್ದೆ. ಮಾದರಿ ಹಡಗುಕಟ್ಟೆಯ ಕೆಲಸಗಾರರ 1948ರ ಕಾಯ್ದೆಯದು. ಇಲ್ಲಿ ಹಮಾಲನೂ ಕಾಯ್ದೆಯಡಿ ರಚಿಸಿದ ಮಂಡಳಿಯಲ್ಲಿ ನೋಂದಣಿಯಾಗಬೇಕು, ವ್ಯಾಪಾರಿಯೂ ಆಗಬೇಕು. ವ್ಯಾಪಾರಿ ಕೂಲಿಯನ್ನು ಹಮಾಲನ ಕೈಗೆ ಕೊಡುವಂತಿಲ್ಲ. ಕೂಲಿ, ಅದರ ಮೇಲೆ ನಿಗದಿಯಾದ ಲೆವಿ ಎರಡನ್ನೂ ಮಂಡಳಿಗೆ ಕಟ್ಟಬೇಕು. ಭವಿಷ್ಯನಿಧಿ, ಗ್ರಾಚ್ಯುಟಿ, ಬೋನಸ್ಸು ಆ ಲೆವಿಯಿಂದ. ಸಾವಿರ ಮಾಲೀಕರ ಬಳಿ ಚೂರುಚೂರಾಗಿ ದುಡಿಯುವವನಿಗೆ ಒಬ್ಬ ಮಾಲೀಕ ಸಿಕ್ಕಂತಾಯಿತು. 1959ರ ಕಾಯ್ದೆ ಹೊರಗಟ್ಟಿದ ಕಾವಲುಗಾರನಿಗೂ ಮಹಾರಾಷ್ಟ್ರ 1981ರಲ್ಲಿ ಇದೇ ನಮೂನೆಯ ಮಂಡಳಿ ಮಾಡಿತು.

ಮೇಲ್ವಿಚಾರಣೆಯ ವಿಷಯದಲ್ಲಂತೂ ಹೋಲಿಕೆಯೇ ಇಲ್ಲ. ಮಾಲೀಕರ ಮತ್ತು ದುಡಿಯುವವರ ಪ್ರತಿನಿಧಿಗಳಿರುವ ಸಲಹಾ ಸಮಿತಿಗಳು ಉದ್ಯೋಗ ಸೇವೆಗೆ ಬೇಕೆನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 88ನೇ ಒಪ್ಪಂದಕ್ಕೆ ಭಾರತ ಅನುಮೋದನೆ ನೀಡಿದ್ದು 1959ರಲ್ಲೇ. ಅದೇ ವರ್ಷದ ಕಾಯ್ದೆಯಲ್ಲಿ ಕೆಲಸ ಹುಡುಕುವವನಿಗೆ ಒಂದು ಸ್ಟೂಲೂ ಇರಲಿಲ್ಲ. ಮಾಥಾಡಿ ಮಂಡಳಿಯಲ್ಲಿ ಮಾಲೀಕರಿಗೆಷ್ಟು ಕುರ್ಚಿಯೋ ಹಮಾಲರಿಗೂ ಅಷ್ಟೇ, ಜೊತೆಗೆ ಸರ್ಕಾರದವರು.

ಪುಣೆ ಸುತ್ತಲಿನ ಚಾಕಣ, ರಾಂಜಣಗಾಂವ್ ಕಡೆಯ ಉದ್ಯಮಿಗಳ ಪರವಾಗಿ ಬರೆಯುವವರು ಇಷ್ಟು ಕೇಳುವಷ್ಟರಲ್ಲಿ ಕೆರಳುತ್ತಾರೆ. ಮಾಥಾಡಿ ಎಂದರೆ ದಾದಾಗಿರಿ, ಯಂತ್ರ ಇಳಿಸಿದ ಮಾಲಿಗೂ ಕೂಲಿ ಕೇಳುತ್ತಾರೆ, ಲಾರಿ ತಡೆಯುತ್ತಾರೆ ಎಂದು. ನಕಲಿ ಸಂಘಟನೆಗಳ ವಸೂಲಿ ನಡೆದಿದೆ, ಪೊಲೀಸು ಕೇಸುಗಳಾಗಿವೆ, ಅಲ್ಲಗಳೆಯುವುದಿಲ್ಲ. ಆದರೆ ಮಂಡಳಿಯ ಹೊರಗೆ ನಗದು ಕಿತ್ತುಕೊಳ್ಳುವವನ ಪಾಪವನ್ನು ಮಂಡಳಿಯ ತಲೆಗೆ ಕಟ್ಟುವುದು ಯಾವ ನ್ಯಾಯ? ವಸೂಲಿ ನಿಲ್ಲಬೇಕಾದರೆ ದುಡ್ಡೆಲ್ಲ ಮಂಡಳಿಯ ಖಾತೆಯಲ್ಲೇ ಹಾಯಬೇಕು. 2023ರ ತಿದ್ದುಪಡಿ ಮಸೂದೆ ಗೂಂಡಾಗಳನ್ನು ಹಿಡಿಯುವ ಹೆಸರಿನಲ್ಲಿ ಕಾಯ್ದೆಯನ್ನೇ ಕಿರಿದು ಮಾಡುತ್ತದೆಂದು ಹಮಾಲ ಸಂಘಟನೆಗಳು ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಇನ್ನು ನಮ್ಮ ಎಡಪಂಥೀಯ ಗೆಳೆಯರು ಮಂಡಳಿಯನ್ನು ಪೂಜಿಸುವುದೂ ಅಷ್ಟೇ ಬೇಸರದ ಸಂಗತಿ. ನೋಂದಣಿಯಾದವರಿಗೆ ಅದು ಕೋಟೆ, ನಿಜ. ಆದರೆ ಕೋಟೆಗೊಂದು ಹೊರಗೂ ಇದೆ.

ಪುಣೆಯ ವಾರಜೆಯ ಮಜೂರ್ ಅಡ್ಡಾದಲ್ಲಿ ಬೆಳಿಗ್ಗೆ ಬುತ್ತಿ ಹಿಡಿದು ನಿಲ್ಲುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕೇಳುತ್ತದೆ. ಅವರ ಪಾಲಿಗೆ ರಾಸ್ತಾ ಪೇಠೆಯೂ ಇಲ್ಲ, ಮಂಡಳಿಯೂ ಇಲ್ಲ. ಆಳು ಕರೆದೊಯ್ಯುವ ಮುಕಾದಮನೇ ಉದ್ಯೋಗ ವಿನಿಮಯ ಕೇಂದ್ರ. ಅವರ ಊರಿನ ಕಡೆಯೂ ಕತೆ ಬೇರೆಯಲ್ಲ. ಕರ್ನಾಟಕದ ಹಮಾಲಿಗಳಿಗೆ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತದ ಸ್ಮಾರ್ಟ್ ಕಾರ್ಡ್ ಇದೆ. ಕೂಲಿಯನ್ನು ತಾನೇ ವಸೂಲು ಮಾಡಿ ಹಂಚುವ ಮಂಡಳಿ ಇಲ್ಲ. ವಿಧಾನಸೌಧದಲ್ಲಿ ಇನ್ನೊಂದು ಉದ್ಯೋಗ ಪೋರ್ಟಲಿಗೆ ಟೆಂಡರು ಕರೆಯುವ ಮೊದಲು, ಕಾರ್ಮಿಕ ಇಲಾಖೆಯವರು 1969ರ ಆ ಕಾಯ್ದೆಯನ್ನು ಒಮ್ಮೆ ಕನ್ನಡದಲ್ಲಿ ಅಚ್ಚು ಹಾಕಿಸಿ ಶಾಸಕರ ಮೇಜಿನ ಮೇಲಿಡಲಿ.