ಮರದ ನೆಲಗಟ್ಟೂ ಉಜ್ಜುವ ಚಿಕಿತ್ಸೆಯೂ

ಹೊಸದಾಗಿ ಹಾಸಿದ ಮರದ ನೆಲಗಟ್ಟು ಕೆಲವೇ ತಿಂಗಳಲ್ಲಿ ಏರುಪೇರಾಗಿ, ಹಲಗೆಯ ಅಂಚುಗಳು ಬರಿಗಾಲಿಗೆ ತಗುಲತೊಡಗಿದಾಗ, ಮನೆಯ ಯಜಮಾನನಿಗೆ ನಾಲ್ಕೂ ದಿಕ್ಕಿನಿಂದ ದೊರೆಯುವ ಉಪದೇಶ ಒಂದೇ: ಯಂತ್ರ ತರಿಸಿ ಉಜ್ಜಿಸಿ, ಮೇಲೊಂದು ಪಾಲಿಷ್ ಕೊಡಿಸಿ, ಎಲ್ಲವೂ ಸರಿಹೋಗುತ್ತದೆ. ಗುತ್ತಿಗೆದಾರನೂ ಒಳಾಂಗಣ ವಿನ್ಯಾಸಕಾರನೂ ಗೃಹಾಲಂಕಾರದ ಅಂಕಣಗಳನ್ನು ಬರೆಯತಕ್ಕವರೂ ಈ ವಿಷಯದಲ್ಲಿ ಏಕಕಂಠರಾಗಿದ್ದಾರೆ. ಇಷ್ಟು ವ್ಯಾಪಕವಾದ ಕೀರ್ತಿಯನ್ನು ಯಾವ ಪರೀಕ್ಷೆಗೂ ಒಳಗಾಗದೆ ಸಂಪಾದಿಸಿಕೊಂಡಿರುವ ಚಿಕಿತ್ಸೆಯನ್ನು ಒಮ್ಮೆ ಒರೆಗೆ ಹಚ್ಚಿ ನೋಡುವುದು ಅವಶ್ಯಕ. ನನ್ನ ನಿರ್ಣಯವನ್ನು ಮೊದಲೇ ಹೇಳುತ್ತೇನೆ. ಉಜ್ಜುವಿಕೆಗೆ ಸಂದಿರುವ ಗೌರವ ಅದರ ಯೋಗ್ಯತೆಯನ್ನು ಮೀರಿದುದು. ಅದಕ್ಕೆ ಸಲ್ಲಬೇಕಾದ ಸ್ಥಾನ ಕಟ್ಟಕಡೆಯದು. ಮೊದಲ ಸ್ಥಾನವನ್ನು ಅದಕ್ಕೆ ಕೊಟ್ಟವರು ಒಮ್ಮೆ ಕೆಟ್ಟ ನೆಲವನ್ನು ಎರಡನೆಯ ಸಾರಿ ಕೆಡಿಸುತ್ತಾರೆ.

ಮರ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ ಎಂಬುದು ಬಡಗಿಯ ಮನೆಯ ಮಗುವಿಗೂ ತಿಳಿದ ಸಂಗತಿಯಾದುದರಿಂದ ಅದನ್ನು ವಿಸ್ತರಿಸಬೇಕಾದುದಿಲ್ಲ. ವಿಸ್ತರಿಸಬೇಕಾದುದು ಅದರ ಪ್ರಮಾಣ. ಮರಗಳಲ್ಲಿ ಅತ್ಯಂತ ಸ್ಥಿರವೆಂದು ಹೆಸರಾದ ತೇಗವೂ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ವರ್ಷವಲಯಗಳ ಗುಂಟ ನೂರಕ್ಕೆ ಸುಮಾರು ೫.೮ರಷ್ಟು ಕುಗ್ಗುತ್ತದೆ, ಹೊರದೇಶದಿಂದ ಬರುವ ಬಿಳಿ ಓಕ್ ೧೦.೫ರಷ್ಟು. ಗಾಳಿಯ ಆರ್ದ್ರತೆ ನೂರಕ್ಕೆ ೩೦ ಇದ್ದಲ್ಲಿ ಮರದ ತೇವ ಸುಮಾರು ೬ಕ್ಕೆ ನಿಲ್ಲುತ್ತದೆ. ೮೦ ಇದ್ದಲ್ಲಿ ಸುಮಾರು ೧೬ಕ್ಕೆ ಏರುತ್ತದೆ. ಬೇಸಗೆಯಲ್ಲಿ ಹಾಸಿದ ನೆಲ ಶ್ರಾವಣದ ಮಳೆಯಲ್ಲಿ ನೂರಕ್ಕೆ ನಾಲ್ಕರಷ್ಟು ತೇವವನ್ನು ಹೆಚ್ಚಾಗಿ ಹೀರಿತೆಂದು ಇಟ್ಟುಕೊಳ್ಳೋಣ. ಐದು ಮೀಟರ್ ಅಗಲದ ಕೋಣೆಯಲ್ಲಿ ಹಾಸಿದ ತೇಗದ ಹಲಗೆಗಳು, ತಡೆಯಿಲ್ಲದಿದ್ದರೆ, ಹೆಚ್ಚುಕಡಿಮೆ ೪೦ ಮಿಲಿಮೀಟರ್ ಹಿಗ್ಗಬೇಕು. ಗೋಡೆಯ ಬಳಿ ಬಿಡುವ ಸಂದು ೧೦ರಿಂದ ೧೨ ಮಿಲಿಮೀಟರ್. ಎಷ್ಟೋ ಮನೆಗಳಲ್ಲಿ ಅಷ್ಟೂ ಇಲ್ಲ. ಮಿಕ್ಕ ಹಿಗ್ಗು ಎಲ್ಲಿ ಅಡಗಬೇಕು? ಹಲಗೆಗಳು ಒಂದನ್ನೊಂದು ಒತ್ತಿ ಮೇಲೇಳದೆ ಅವಕ್ಕೆ ಗತ್ಯಂತರವಿಲ್ಲ.

ಇನ್ನು ಉಜ್ಜುವ ವಿಧಾನವನ್ನೇ ನಿಧಾನವಾಗಿ ಪರಿಶೀಲಿಸಬೇಕು. ಕೆಟ್ಟ ನೆಲದಲ್ಲಿ ಹಲಗೆಯ ಅಗಲಕ್ಕೆ ಅಡ್ಡಲಾಗಿ ಮಟ್ಟಗೋಲನ್ನಿಟ್ಟು ನೋಡಿದರೆ, ಬಹುಮಟ್ಟಿಗೆ, ಎರಡು ಅಂಚುಗಳೂ ಕೋಲಿಗೆ ತಾಗಿ ನಡುವೆ ಬೆಳಕು ಕಾಣುತ್ತದೆ. ಹಲಗೆ ದೋಣಿಯಂತೆ ಬಾಗಿದೆ. ಮೇಲ್ಮುಖಕ್ಕಿಂತ ತಳಮುಖ ಹೆಚ್ಚು ತೇವಗೊಂಡು ಹಿಗ್ಗಿರುವುದೇ ಇದರ ಕಾರಣ. ಆ ತೇವದ ಮೂಲ ಸಾಮಾನ್ಯವಾಗಿ ಅಡಿಯ ಕಾಂಕ್ರೀಟು. ಅಂಗುಲಕ್ಕೊಂದು ತಿಂಗಳೆಂಬ ಕಸುಬಿನವರ ಸ್ಥೂಲ ಗಣನೆಯಂತೆ, ನಾಲ್ಕಂಗುಲದ ಹಾಸು ಒಣಗಲು ಒಳ್ಳೆಯ ಹವೆಯಲ್ಲೂ ನಾಲ್ಕು ತಿಂಗಳು ಬೇಕು. ಗೃಹಪ್ರವೇಶದ ಮುಹೂರ್ತಕ್ಕೆ ಅಷ್ಟು ತಾಳ್ಮೆ ಇರುವುದಿಲ್ಲ. ಇಂಥ ನೆಲದ ಮೇಲೆ ಯಂತ್ರ ಓಡಿತೆನ್ನಿ. ಅದು ಎತ್ತರವಾಗಿರುವ ಅಂಚುಗಳನ್ನು ತಿನ್ನುತ್ತದೆ, ತಗ್ಗಾದ ನಡುಭಾಗವನ್ನು ಮುಟ್ಟದೆ ಬಿಡುತ್ತದೆ. ಅಂದಿನ ಸಂಜೆ ನೆಲ ಕನ್ನಡಿಯಂತೆ ಸಮವಾಗಿರುತ್ತದೆ, ಯಜಮಾನ ಹಣ ಕೊಡುತ್ತಾನೆ, ಕೆಲಸಗಾರ ಹೊರಡುತ್ತಾನೆ. ಆದರೆ ತಳದ ತೇವ ಕ್ರಮೇಣ ಆರಿ ಹಲಗೆ ತನ್ನ ಸಹಜವಾದ ಆಕಾರಕ್ಕೆ ಮರಳಿದಾಗ, ಅಂಚಿನಲ್ಲಿ ಇರಬೇಕಾದ ಮರವೇ ಅಲ್ಲಿ ಇಲ್ಲ. ಮೊದಲು ಅಂಚು ಮೇಲೆದ್ದಿದ್ದ ಹಲಗೆಯಲ್ಲಿ ಈಗ ನಡು ಉಬ್ಬಿ ಅಂಚು ಇಳಿಯುತ್ತದೆ. ಮೊದಲನೆಯ ದೋಷ ತೇವದ್ದಾದುದರಿಂದ ತೇವ ಆರಿದೊಡನೆ ಬಹುಪಾಲು ತಾನಾಗಿಯೇ ಶಮನವಾಗಬಹುದಾಗಿತ್ತು. ಎರಡನೆಯದು ಮನುಷ್ಯಕೃತವಾದುದರಿಂದ ಕಾಲ ಅದನ್ನು ಗುಣಪಡಿಸಲಾರದು.

ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಹದಿನೆಂಟು ಮಿಲಿಮೀಟರ್ ದಪ್ಪದ ಗಟ್ಟಿಮರದ ಹಲಗೆಯಲ್ಲೂ ಒಂದಕ್ಕೊಂದು ಸೇರಿಕೊಳ್ಳುವ ನಾಲಗೆಯ ಮೇಲಿರುವ ಮರ ಸುಮಾರು ಆರೇ ಮಿಲಿಮೀಟರ್; ಉಜ್ಜಬಹುದಾದ ಆಸ್ತಿಯೆಲ್ಲ ಅಷ್ಟೆ. ಪದರಮರದ ಹಲಗೆಯಲ್ಲಿ ಮೇಲಿನ ನಿಜವಾದ ಮರ ಅನೇಕ ವೇಳೆ ಮೂರು ನಾಲ್ಕು ಮಿಲಿಮೀಟರನ್ನು ಮೀರುವುದಿಲ್ಲ. ಲ್ಯಾಮಿನೇಟಿನಲ್ಲಿ ಕಾಣುವುದು ಮರದ ಚಿತ್ರ ಮುದ್ರಿಸಿದ ಕಾಗದವಾದುದರಿಂದ ಅಲ್ಲಿ ಉಜ್ಜುವ ಪ್ರಶ್ನೆಯೇ ಇಲ್ಲ. ಮೇಲಾಗಿ, ತೇವದ ಬದಲು ಅಡಿಯ ಗಾರೆಯ ತಗ್ಗುದಿಣ್ಣೆಗಳೇ ದೋಷದ ಮೂಲವಾಗಿದ್ದರೆ, ಯಂತ್ರ ಯಾವುದನ್ನು ಗುಣಪಡಿಸೀತು? ಎರಡು ಮೀಟರ್ ಕೋಲಿನಡಿ ಮೂರರಿಂದ ಐದು ಮಿಲಿಮೀಟರಿಗೆ ಮಿಗಿಲಾದ ತಗ್ಗಿರಬಾರದೆಂಬುದು ಈ ಕಸುಬಿನಲ್ಲಿ ಮಾನ್ಯವಾದ ಮಿತಿ. ಅದನ್ನು ಮೀರಿದ ಕಡೆ ಹಲಗೆ ಟೊಳ್ಳಿನ ಮೇಲೆ ತೂಗಿ, ಹೆಜ್ಜೆಹೆಜ್ಜೆಗೂ ಬಗ್ಗಿ, ಕೊನೆಗೆ ಅದರ ನಾಲಗೆಯೇ ಮುರಿಯುತ್ತದೆ.

ಉಜ್ಜುವಿಕೆಗೆ ಸಲ್ಲಬೇಕಾದುದನ್ನು ಸಲ್ಲಿಸದಿರುವುದು ನ್ಯಾಯವಲ್ಲ. ಗಟ್ಟಿಮರದ ಹಲಗೆಗಳನ್ನು ಸಮವಾದ ತಳದ ಮೇಲೆ ಹಾಸಿ, ಅವು ಕೋಣೆಯ ಹವೆಗೆ ಪೂರ್ತಿ ಹೊಂದಿಕೊಂಡ ತರುವಾಯ, ಪಕ್ಕಪಕ್ಕದ ಅಂಚುಗಳ ಅಲ್ಪವಾದ ಏರುಪೇರನ್ನು ನಿವಾರಿಸುವುದಕ್ಕೆ ಅದಕ್ಕಿಂತ ಉತ್ತಮವಾದ ಉಪಾಯವಿಲ್ಲ.

ಇಲ್ಲಿ ಎರಡು ಬಗೆಯ ವಿಮರ್ಶಕರೊಡನೆ ನನಗೆ ಜಗಳವಿದೆ. ಮೊದಲನೆಯವರು ಸೌಂದರ್ಯವಾದಿಗಳು: ಮಲೆನಾಡಿನ ಹಳೆಯ ಮನೆಗಳ ಮಹಡಿಯೇನು ಸಮವಾಗಿತ್ತೆ, ಏರುಪೇರು ಮರದ ಸ್ವಭಾವ, ಅದನ್ನು ಮೆಚ್ಚಲು ಕಲಿಯಿರಿ ಎಂದು ಅವರು ಬೋಧಿಸುತ್ತಾರೆ. ಈ ಮಾತು ಕೇಳಲು ಹಿತವಾಗಿದೆ, ವಿಚಾರಕ್ಕೆ ನಿಲ್ಲುವುದಿಲ್ಲ. ಆ ಮನೆಗಳಲ್ಲಿ ಹಲಗೆಗಳು ತೊಲೆ ಜಂತೆಗಳ ಮೇಲೆ ಕುಳಿತಿದ್ದವು. ಅವುಗಳ ಕೆಳಗೂ ಮೇಲೂ ಗಾಳಿಯಾಡುತ್ತಿತ್ತು. ಅಡುಗೆಮನೆಯ ಒಲೆಯ ಬಿಸಿ ಅಟ್ಟವನ್ನು ಒಣಗಿಸುತ್ತಿತ್ತು. ತೇವ ಎರಡು ಮುಖಕ್ಕೂ ಸಮನಾಗಿ ಹತ್ತಿ ಸಮನಾಗಿ ಇಳಿಯುತ್ತಿತ್ತು. ತಲೆಮಾರುಗಳ ನಡಿಗೆಯಿಂದ ಸವೆದ ನೆಲಕ್ಕೂ, ಹಸಿಕಾಂಕ್ರೀಟಿಗೆ ಅಂಟಿಸಿದ್ದರಿಂದ ಒಂದೇ ಮಳೆಗಾಲದಲ್ಲಿ ಸೊಟ್ಟಗಾದ ನೆಲಕ್ಕೂ ಸಾಮ್ಯವನ್ನು ಕಲ್ಪಿಸುವುದು ಹಿರಿಯ ಬಡಗಿಗಳಿಗೆ ಮಾಡುವ ಅಪಚಾರ. ಎರಡನೆಯವರು ನಿಷೇಧವಾದಿಗಳು: ನಮ್ಮ ಹವೆಗೆ ಮರದ ನೆಲ ಒಗ್ಗದು, ಕೆಂಪು ಗಾರೆಯೋ ಕಡಪ ಕಲ್ಲೋ ಸಾಕು ಎಂಬುದು ಅವರ ವಾದ. ಗಾರೆಯ ಗುಣವನ್ನು ನಾನೂ ಬಲ್ಲೆ. ಆದರೆ ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಹಲಗೆಯ ಅಟ್ಟಗಳು ಬಾಳಿದ ಮೇಲೆ, ಹವೆಯನ್ನು ದೂರುವುದು ಹೇಗೆ ಯುಕ್ತವಾದೀತು? ಜ್ಞಾನದ ಕೊರತೆಯೆಂದೂ ಹೇಳುವಂತಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ, ೧೯೩೮ರಲ್ಲಿ, ಅರಣ್ಯ ಸಂಶೋಧನಾ ಪ್ರಯೋಗಶಾಲೆಯಾಗಿ ಆರಂಭವಾದ ಮರವಿಜ್ಞಾನದ ಸಂಸ್ಥೆ ಇಂದಿಗೂ ಬೆಂಗಳೂರಿನ ಮಲ್ಲೇಶ್ವರದಲ್ಲಿದೆ. ಈ ಎರಡು ಪಂಥಗಳೂ ಮೇಲ್ನೋಟಕ್ಕೆ ವಿರುದ್ಧವಾಗಿ ಕಂಡರೂ ಫಲದಲ್ಲಿ ಒಂದೇ: ಒಬ್ಬರು ದೋಷವನ್ನು ಮರದ ಸ್ವಭಾವಕ್ಕೂ ಇನ್ನೊಬ್ಬರು ಮಳೆಗೂ ಆರೋಪಿಸಿ, ತಳವನ್ನು ಪರೀಕ್ಷಿಸದೆ ಹಲಗೆ ಹಾಸಿದ ಕೈಯನ್ನು ಹೊಣೆಯಿಂದ ಪಾರುಮಾಡುತ್ತಾರೆ.

ಆದುದರಿಂದ ನೊಂದ ಯಜಮಾನನಲ್ಲಿ ನನ್ನ ವಿಜ್ಞಾಪನೆ ಇಷ್ಟು. ಉಜ್ಜುವ ಯಂತ್ರವನ್ನು ಹೊಸ್ತಿಲಾಚೆ ನಿಲ್ಲಿಸಿ. ಮೊದಲು ಮಟ್ಟಗೋಲನ್ನಿಟ್ಟು ಅಂಚು ಎದ್ದಿದೆಯೋ ನಡು ಉಬ್ಬಿದೆಯೋ ನೋಡಿ ಬರೆದಿಡಿ. ತೇವಮಾಪಕದಿಂದ ಹಲಗೆಯನ್ನೂ ಅಡಿಯ ಗಾರೆಯನ್ನೂ ಅಳೆಯಿಸಿ. ಗೋಡೆಯ ಪಟ್ಟಿಯನ್ನು ತೆಗೆಯಿಸಿ ಸಂದು ಇದೆಯೋ ಇಲ್ಲವೋ ಕಣ್ಣಾರೆ ಕಾಣಿರಿ. ನೀರು ಸೋರುತ್ತಿದ್ದರೆ ಅದನ್ನು ನಿಲ್ಲಿಸಿ ಒಂದು ಋತು ಕಾಯಿರಿ. ತಳ ತಗ್ಗಾಗಿದ್ದರೆ ಹಲಗೆಗಳನ್ನು ಎತ್ತಿಸಿ ತಳವನ್ನೇ ಸಮಮಾಡಿಸಬೇಕು. ಆ ವೆಚ್ಚ ಹಾಸಿದವನ ಮೇಲೆ ಬೀಳತಕ್ಕದ್ದು. ಒಂದು ತಿಂಗಳ ಅಂತರದಲ್ಲಿ ತೆಗೆದ ಎರಡು ಅಳತೆಗಳು ಒಂದೇ ಆಗಿ ಬಂದ ಮೇಲೆ ಮಾತ್ರ ಉಜ್ಜಲು ಅನುಮತಿ ಕೊಡಿ.