ಆಹಾರದಾನ, ಶಾಸ್ತ್ರದಾನ ಮತ್ತು ನಮ್ಮ ಮೌನ

ಶ್ರಾವಕಾಚಾರಗಳು ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂದು ದಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತವೆ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಇವುಗಳಲ್ಲಿ ಎರಡು ಒಂದೇ ಸೂರಿನಡಿ ನಡೆಯಬೇಕು: ಅಡುಗೆಕೋಣೆಯಲ್ಲಿ ಆಹಾರದಾನ, ತರಗತಿಯಲ್ಲಿ ಶಾಸ್ತ್ರದಾನ. ಮೊದಲನೆಯದರ ಬಗ್ಗೆ ನಮ್ಮ ಸಮಾಜ ಗಟ್ಟಿಯಾಗಿಯೇ ಮಾತನಾಡಿದೆ. ಎರಡನೆಯದರ ಬಗ್ಗೆ ತುಟಿ ತೆರೆದದ್ದು ಕಡಿಮೆ. ಈ ಅಸಮತೆ ವಿಮರ್ಶೆಗೆ ಅರ್ಹವಾದುದು.

ಸುಪ್ರೀಂ ಕೋರ್ಟಿನ 2001ರ ಆದೇಶದ ಬಳಿಕ, 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಮರುವರ್ಷ ನಮ್ಮ ಕಡೆಗೂ ಬಂತು. 2013ರಲ್ಲಿ ಕ್ಷೀರಭಾಗ್ಯ ಸೇರಿತು. 2021ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳಲ್ಲಿ ಮೊಟ್ಟೆ ವಿತರಣೆ ತೊಡಗಿದಾಗ ನಮ್ಮವರಲ್ಲಿ ಅನೇಕರು ವಿರೋಧಿಸಿದರು. ಮೊಟ್ಟೆ ಒಲ್ಲದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಏರ್ಪಾಟಿದೆ. ನಮ್ಮ ಮಕ್ಕಳ ಮಟ್ಟಿಗೆ ಧರ್ಮಕ್ಕೆ ಅಲ್ಲಿಗೆ ಲೋಪವಿಲ್ಲ. ಆದರೂ ಮೊಟ್ಟೆಯನ್ನೇ ಯಾರಿಗೂ ಕೊಡಬಾರದೆಂಬ ವಾದವನ್ನು ನಾನು ಒಪ್ಪಲಾರೆ. ವ್ರತವೆಂಬುದು ಸ್ವಸಂಕಲ್ಪದಿಂದ ಹಿಡಿಯತಕ್ಕದ್ದು. ಅದನ್ನು ಹಿಡಿಯದ ಬಡವರ ಮಗುವಿನ ತಟ್ಟೆಯ ಮೇಲೆ ಹೇರಿದರೆ ಅದರ ಪುಣ್ಯ ಯಾರ ಲೆಕ್ಕಕ್ಕೆ ಜಮೆಯಾದೀತು? ಕಿರಿಯ ತರಗತಿಯ ಮಗುವಿಗೆ ದಿನದ ಊಟದಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ದೊರೆಯಬೇಕೆಂಬುದು ನಿಯಮ. ಬೇಡವೆನ್ನುವವರು ಅಷ್ಟೇ ಸತ್ವದ ಬೇಳೆಕಾಳನ್ನು ತಂದುಕೊಡಲು ಸಿದ್ಧರಿರಬೇಕು.

ಇನ್ನು ಶಿಕ್ಷಕರ ವಿಷಯ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಂತೆ ಕಿರಿಯ ಪ್ರಾಥಮಿಕ ಹಂತದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು. ಉಡಿಗಾಲದ ಆಸುಪಾಸಿನಿಂದ ಗುಂಡ್ಲುಪೇಟೆಯ ಕಾಡಂಚಿನವರೆಗೆ ಸಣ್ಣ ಊರುಗಳ ಸೀಮೆ ನಮ್ಮದು. 20 ಮಕ್ಕಳ ಶಾಲೆಯೊಂದನ್ನು ಊಹಿಸಿಕೊಳ್ಳಿ. ಇಬ್ಬರು ಶಿಕ್ಷಕರಿದ್ದರೆ ತಲೆಗೆ ಹತ್ತೇ ಮಕ್ಕಳು. ಕಡತದಲ್ಲಿ ಇದು ಸಮೃದ್ಧಿ. ವಾಸ್ತವದಲ್ಲಿ ಇಬ್ಬರು ಐದು ತರಗತಿಗಳನ್ನು ಹಂಚಿಕೊಳ್ಳಬೇಕು. ಒಬ್ಬರು ಸಭೆಗೆ ಹೋದ ದಿನ ಒಬ್ಬರೇ ಐದಕ್ಕೂ ದಿಕ್ಕು. ಸರಾಸರಿಯನ್ನು ನಂಬಿ ವ್ಯಾಪಾರ ಮಾಡಿದವನ ಅಂಗಡಿ ಬಹುಕಾಲ ನಿಲ್ಲದು. ಸರಾಸರಿಯನ್ನು ನಂಬಿದ ಇಲಾಖೆಯ ನಷ್ಟವನ್ನು ಮಾತ್ರ ಮಕ್ಕಳು ಹೊರುತ್ತಾರೆ. 1995ರ ಸುಮಾರಿಗೆ ನೆರೆಯ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿ-ಕಲಿ ಪದ್ಧತಿ ಬಹುತರಗತಿ ಬೋಧನೆಗೆ ದಾರಿ ತೋರಿಸಿತು, ನಿಜ. ಆದರೆ ಪದ್ಧತಿ ಎಷ್ಟೇ ಒಳ್ಳೆಯದಿರಲಿ, ಕೋಣೆಯಲ್ಲಿ ಶಿಕ್ಷಕರು ಇರಬೇಕಷ್ಟೆ.

ಇವೆರಡೂ ಕೂಡುವ ಜಾಗವೊಂದಿದೆ. ಅಕ್ಕಿ, ಬೇಳೆ, ಹಾಲಿನಪುಡಿಯ ಲೆಕ್ಕ ಮುಖ್ಯಶಿಕ್ಷಕರದೇ. ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟೆಂಬ ಪಟ್ಟಿಯೂ ಅವರದೇ. ನಮ್ಮ ಆಕ್ಷೇಪದಿಂದ ಬಂದ ಆಯ್ಕೆ ನ್ಯಾಯವಾದುದೇ. ಆದರೆ ಅದರ ಬರವಣಿಗೆಯ ಹೊರೆಯನ್ನು ಪಾಠದ ಹೊತ್ತಿನಿಂದಲೇ ಕಳೆಯುತ್ತಿದ್ದೇವೆಂಬುದು ನಮ್ಮ ಗಮನಕ್ಕೆ ಬಂದಿಲ್ಲ. ಊಟಕ್ಕೆ ಆಕ್ಷೇಪ ಸಲ್ಲಿಸಲು ಹೋದವರು ಶಿಕ್ಷಕರ ಖಾಲಿ ಹುದ್ದೆಗಾಗಿಯೂ ಅದೇ ಕಚೇರಿಯ ಮೆಟ್ಟಿಲು ಹತ್ತಬೇಕು. ಶಾಲಾಭಿವೃದ್ಧಿ ಸಮಿತಿಯಲ್ಲಿರುವ ನಮ್ಮ ಬಾಂಧವರು ಅನುಪಾತವನ್ನು ಕೇಳದೆ, ನಿನ್ನೆ ಎಷ್ಟು ತರಗತಿಗಳಲ್ಲಿ ಪಾಠ ನಡೆಯಿತೆಂದು ಕೇಳಲಿ.

1117ರಲ್ಲಿ ಇದೇ ಅರಿಕುಠಾರದಲ್ಲಿ, ಇಂದಿನ ಚಾಮರಾಜನಗರದಲ್ಲಿ, ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ ಪುಣಿಸ ದಂಡನಾಯಕನನ್ನು ಶಾಸನ ಹೊಗಳುವುದು ಬಸದಿಗಾಗಿ ಮಾತ್ರವಲ್ಲ. ವ್ಯಾಪಾರ ಮುರಿದ ವರ್ತಕನಿಗೂ, ಬಿತ್ತನೆಬೀಜವಿಲ್ಲದ ರೈತನಿಗೂ, ಅಧಿಕಾರ ಕಳೆದುಕೊಂಡ ಕಿರಾತ ನಾಯಕನಿಗೂ ಅವರವರು ಕಳೆದುಕೊಂಡದ್ದನ್ನು ಕೊಟ್ಟು ಪೊರೆದನೆಂದೂ ಅದು ಹೇಳುತ್ತದೆ. ಯಾರಿಗೆ ಏನು ಕೊರತೆಯೋ ಅದನ್ನು ತುಂಬುವುದೇ ದಾನ. ಇಂದು ನಮ್ಮ ಹಳ್ಳಿಯ ಮಗುವಿನ ಕೊರತೆ ಹೊಟ್ಟೆಯದೂ ಹೌದು, ಓದಿನದೂ ಹೌದು.