ಕಣಜ ಸುಟ್ಟವರು ಹೊಲಕ್ಕಿಳಿದಾಗ

1950ರ ಸೆಪ್ಟೆಂಬರಿನಲ್ಲಿ ಇಂಚಾನ್ ಬಂದರಿಗೆ ಅಮೆರಿಕದ ಪಡೆ ಬಂದಿಳಿದ ಮೇಲೆ, ದಕ್ಷಿಣ ಕೊರಿಯಾದೊಳಕ್ಕೆ ನುಗ್ಗಿದ್ದ ಉತ್ತರದ ಸೈನ್ಯ ದಿಕ್ಕೆಟ್ಟು ಹಿಂದಕ್ಕೆ ಓಡಿತು. ಹಾಗೆ ಓಡುತ್ತಾ ಗುಡ್ಡಗಳ ನಡುವೆ ಸಿಕ್ಕಿಕೊಂಡ ಉತ್ತರದ ಮೂವರು, ಪಡೆ ಬಿಟ್ಟು ತಲೆತಪ್ಪಿಸಿಕೊಂಡ ದಕ್ಷಿಣದ ಇಬ್ಬರು, ವಿಮಾನ ಬಿದ್ದು ಗಾಯಗೊಂಡ ಅಮೆರಿಕದ ಒಬ್ಬ ಪೈಲಟ್. ಇವರೆಲ್ಲ ಯುದ್ಧದ ಸುದ್ದಿಯೇ ತಲುಪದ ಒಂದು ಹಳ್ಳಿಗೆ ಬಂದು ಸೇರುತ್ತಾರೆ. ಜಾಂಗ್ ಜಿನ್ ಬರೆದ ನಾಟಕವನ್ನು ಆಧರಿಸಿ ಪಾರ್ಕ್ ಕ್ವಾಂಗ್-ಹ್ಯುನ್ 2005ರಲ್ಲಿ ನಿರ್ದೇಶಿಸಿದ ‘ವೆಲ್‌ಕಮ್ ಟು ಡಾಂಗ್‌ಮಾಕ್‌ಗೋಲ್’ ಶುರುವಾಗುವುದು ಹೀಗೆ.

ಎರಡೂ ಕಡೆಗೆ ಒಬ್ಬೊಬ್ಬ ಅಧಿಕಾರಿ. ಉತ್ತರದ ರೀ ಸೂ-ಹ್ವಾ ಮಾತು ಕಡಿಮೆಯ ಗಟ್ಟಿ ಮನುಷ್ಯ. ದಕ್ಷಿಣದ ಪ್ಯೋ ಹ್ಯುನ್-ಚುಲ್ ಮುಟ್ಟಿದರೆ ಸಿಡಿಯುವವನು. ಇವರು ಎದುರುಬದುರಾಗುವ ದೃಶ್ಯವೇ ಚಿತ್ರದ ಜೀವ. ಊರ ನಡುವಿನ ಕಟ್ಟೆಯ ಮೇಲೆ ಹಳ್ಳಿಗರು ಗುಂಪಾಗಿ ನಿಂತಿದ್ದಾರೆ. ಒಂದು ಕಡೆ ಬಂದೂಕು, ಇನ್ನೊಂದು ಕಡೆ ಗುಂಡು ಮುಗಿದುಹೋಗಿ ಕೈಯಲ್ಲಿ ಉಳಿದ ಗ್ರೆನೇಡು. ಇಬ್ಬರೂ ಅರಚುತ್ತಾರೆ, ಹೆದರಿಸುತ್ತಾರೆ. ಹಳ್ಳಿಗರಿಗೆ ಆ ಉಪಕರಣಗಳು ಏನೆಂದೇ ತಿಳಿಯದು. ಅವರ ಚಿಂತೆಯೆಲ್ಲ ಬೆಳೆ ಹಾಳುಮಾಡುವ ಕಾಡುಹಂದಿಯದು. ಒಬ್ಬೊಬ್ಬರಾಗಿ ಕಟ್ಟೆಯಿಳಿದು ತಮ್ಮ ಕೆಲಸಕ್ಕೆ ಹೋಗಿಬಿಡುತ್ತಾರೆ. ಹೆದರುವವರೇ ಇಲ್ಲದ ಮೇಲೆ ಹೆದರಿಸುವವನ ಗತಿ ಏನು? ಮಳೆ ಬಂದು ನಿಂತರೂ ಸೈನಿಕರು ಕೈ ಇಳಿಸಲಾರರು. ನಗು ಹುಟ್ಟುವುದು ಅಲ್ಲಿ. ಯಾರನ್ನೂ ಕೋಡಂಗಿ ಮಾಡದೆ, ಅವರ ದಣಿವಿನಿಂದಲೇ ನಗು ತೆಗೆದದ್ದು ನಿರ್ದೇಶಕನ ದೊಡ್ಡತನ.

ಕೊನೆಗೆ ತೂಕಡಿಸುತ್ತಿದ್ದ ಹುಡುಗ ಸೈನಿಕನ ಕೈಯಿಂದ ಗ್ರೆನೇಡು ಜಾರುತ್ತದೆ. ಎಲ್ಲರನ್ನೂ ಉಳಿಸಲು ಪ್ಯೋ ಅದರ ಮೇಲೆ ಬೀಳುತ್ತಾನೆ. ಅದು ಸಿಡಿಯುವುದಿಲ್ಲ. ಠುಸ್ ಎಂದುಕೊಂಡು ಹಿಂದಕ್ಕೆ ಎಸೆದರೆ ಊರ ಕಣಜದಲ್ಲಿ ಸಿಡಿಯುತ್ತದೆ. ಚಳಿಗಾಲಕ್ಕೆಂದು ಕೂಡಿಟ್ಟ ಮೆಕ್ಕೆಜೋಳವೆಲ್ಲ ಅರಳಾಗಿ ಆಕಾಶದಿಂದ ಉದುರುತ್ತದೆ. ಜೋ ಹಿಸಾಯಿಶಿ ಅವರ ಸಂಗೀತದ ಜೊತೆ ಈ ದೃಶ್ಯದ ಚೆಲುವನ್ನು ಎಲ್ಲರೂ ಹೊಗಳಿದ್ದಾರೆ. ನನಗೆ ಅದಕ್ಕಿಂತ ಮುಖ್ಯವಾದದ್ದು ಅದರ ಮರುದಿನ. ಊರಿನ ಅನ್ನ ಸುಟ್ಟ ಮೇಲೆ ಸಾಲ ತೀರಿಸಬೇಕಲ್ಲ? ಎರಡೂ ಪಕ್ಷದವರು ಸಮವಸ್ತ್ರ ಕಳಚಿ ಹೊಲಕ್ಕಿಳಿಯುತ್ತಾರೆ. ಇಂಥ ಕಥೆಗಳಲ್ಲಿ ಶತ್ರುಗಳು ಒಂದು ಹಾಡು ಹೇಳಿ, ಒಂದು ಲೋಟ ಹೆಂಡ ಕುಡಿದು ಗೆಳೆಯರಾಗಿಬಿಡುವುದುಂಟು. ಇಲ್ಲಿ ಬೆವರು ಹರಿಯಬೇಕು. ಆಮೇಲೆ ಒಂದು ರಾತ್ರಿ, ಹಳ್ಳಿಗರು ಹೂತುಹಾಕಿದ ಹಂದಿಯನ್ನು ಅಗೆದು ಸುಟ್ಟು, ಸೈನಿಕರೆಲ್ಲ ಕದ್ದುಮುಚ್ಚಿ ಒಟ್ಟಿಗೆ ತಿನ್ನುತ್ತಾರೆ. ಅಲ್ಲಿ ಮಾತಿಗೆ ಜಾಗವೇ ಇಲ್ಲ.

ಪ್ಯೋನ ಸಿಡುಕಿನ ಹಿಂದೆ ಒಂದು ಸೇತುವೆ ಇದೆ. ನಿರಾಶ್ರಿತರು ದಾಟುತ್ತಿದ್ದ ಸೇತುವೆಯನ್ನು ಸ್ಫೋಟಿಸುವ ಆಜ್ಞೆ ಅವನಿಗಾಗಿತ್ತು. ಇದು ಬರಿಯ ಕಲ್ಪನೆಯಲ್ಲ: 1950ರ ಜೂನ್ 28ರ ನಸುಕಿನಲ್ಲಿ ಸೋಲ್ ನಗರದ ಹಾನ್ ನದಿಯ ಸೇತುವೆಯನ್ನು ದಕ್ಷಿಣದ ಸೈನ್ಯವೇ, ಜನ ದಾಟುತ್ತಿರುವಾಗಲೇ ಉಡಾಯಿಸಿತ್ತು. ಸೂ-ಹ್ವಾನಿಗೂ ತನ್ನವರನ್ನು ಕಳೆದುಕೊಂಡ ನೋವಿದೆ. ಇಬ್ಬರಿಗೂ ಹಿಂದಿರುಗಲು ಮುಖವಿಲ್ಲ. ಹಿಂದಿರುಗಲಾರದವರು ಆ ಯುದ್ಧದಲ್ಲಿ ಸಾವಿರಾರು ಮಂದಿ. ಕದನವಿರಾಮದ ನಂತರ ತಾಯ್ನಾಡಿಗೆ ಹೋಗಲೊಲ್ಲೆವೆಂದ ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ. ಈ ಚಿತ್ರ ನೋಡುವ ಕನ್ನಡಿಗರಿಗೆ ಅದು ನೆನಪಿರಲಿ.

ಹುಳುಕುಗಳೂ ಇವೆ. ಕಂಪ್ಯೂಟರಿನಲ್ಲಿ ಮಾಡಿದ ಕಾಡುಹಂದಿ ಇಂದು ಪೇಲವವಾಗಿ ಕಾಣುತ್ತದೆ. ಅಮೆರಿಕದ ಸೇನಾಧಿಕಾರಿಗಳು ಬರಿಯ ಹಲಗೆಗೊಂಬೆಗಳು. ಇಬ್ಬರು ಕೊರಿಯನ್ನರಿಗೆ ಸಿಕ್ಕ ಕರುಣೆಯಲ್ಲಿ ಒಂದು ಪಾಲೂ ಅವರಿಗಿಲ್ಲ. ಹೂ ಮುಡಿದು ಅಲೆಯುವ ಯೋ-ಇಲ್ ಪಾತ್ರಕ್ಕೆ ಕಾಂಗ್ ಹೇ-ಜಂಗ್ ಪ್ರಾಣ ತುಂಬಿದ್ದಾರೆ. ಆದರೆ ಮುಗ್ಧೆಯನ್ನು ಕೊಂದು ಗಂಡಸರಿಗೆ ಧೈರ್ಯ ತರಿಸುವುದು ಹಳೆಯ ಸಲೀಸು ದಾರಿ, ಮತ್ತು ಕ್ರೂರ ದಾರಿ. ಇಷ್ಟಾದ ಮೇಲೆ ಹಳ್ಳಿಯನ್ನು ಅಮೆರಿಕದ ಬಾಂಬುಗಳಿಂದ ಉಳಿಸಲು ಉತ್ತರ, ದಕ್ಷಿಣ ಎರಡೂ ಕಡೆಯ ಸೈನಿಕರು ಸೇರಿ ಬೇರೆಡೆ ಸುಳ್ಳು ನೆಲೆ ಕಟ್ಟಿ ಪ್ರಾಣ ಕೊಡುತ್ತಾರೆ. ಎರಡು ಸೈನ್ಯಗಳ ಗಂಡಸರು ಒಂದೇ ಪಡೆಯಾಗುವ ಆ ಯೋಚನೆ ನನ್ನನ್ನು ಕಲಕಿತು, ನಿಜ. ಆದರೆ ಹೊಲದ ದುಡಿಮೆಯಲ್ಲಿ ಆಗಲೇ ಗಳಿಸಿದ್ದನ್ನು ಮತ್ತೆ ರಕ್ತದಿಂದ ಕೊಳ್ಳಬೇಕಿತ್ತೇ? ಹುತಾತ್ಮರಿಲ್ಲದೆ ಯುದ್ಧದ ಕಥೆ ಮುಗಿಸಲು ನಿರ್ದೇಶಕರಿಗೆ ಧೈರ್ಯ ಸಾಲಲಿಲ್ಲ.

ಹಾಗಿದ್ದರೂ, ಎದುರಾಳಿ ಅಧಿಕಾರಿಗಳನ್ನು ಮುಂದಿಟ್ಟುಕೊಂಡ ಹಾಸ್ಯಚಿತ್ರಗಳಲ್ಲಿ ನಾನು ಮೊದಲು ಹೆಸರಿಸುವುದು ಇದನ್ನೇ. ಸಿಕ್ಕರೆ ಖಂಡಿತ ನೋಡಿ. ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳುವುದಾದರೆ, ಮೊದಲಲ್ಲೂ ಕೊನೆಯಲ್ಲೂ ಸಾವುಗಳಿವೆ ಎಂದು ಮುಂಚೆಯೇ ಹೇಳಿಬಿಡಿ.